ದಂಡೆತ್ತಿ ಬಂದ ನೀಲಮ್ಮತ್ತೆ

ಗೆಳೆಯರೇ, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವಾಗ ಉದಾಹರಣೆಯನ್ನು ಮನೆಯಿಂದಾಚೆ ಹುಡುಕಿ. ನಾನು ಇವತ್ತು ಮನೆಯೊಳಗೇ ಹುಡುಕಿದೆ.

ಬೆಳಿಗ್ಗೆ ಮಕ್ತಲಿನ ನಮ್ಮ ಪಡಸಾಲೆಯಲ್ಲಿ ಟ್ಯೂಷನ್ ನಡೆದಿತ್ತು. ಪಾಠದಲ್ಲಿ ‘ಇನ್ವೇಡ್’ ಎಂಬ ಪದ ಬಂತು. ದಂಡೆತ್ತಿ ಬಂದು ಒಳನುಗ್ಗುವುದು ಎಂದು ಅರ್ಥ ಹೇಳಿದೆ. ಅಷ್ಟಕ್ಕೇ ಸುಮ್ಮನಿರದೆ ಮೂಲಕ್ಕೂ ಹೋದೆ. ಲ್ಯಾಟಿನ್ನಿನಲ್ಲಿ ಬಿಡಿಸಿ ನೋಡಿದರೆ ಅದು ಬರೀ ‘ಒಳಗೆ ಹೋಗು’, ಅದರಲ್ಲಿ ಹಗೆಯ ಮಾತೇ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ನೀಲಮ್ಮತ್ತೆ ದಿನದಂತೆ ಬಟ್ಟಲು ಹಿಡಿದು, ಯಾರನ್ನೂ ಕೇಳದೆ, ಮಕ್ಕಳ ನಡುವೆ ಹಾಯ್ದು, ಹೆಪ್ಪಿಗೆ ಮೊಸರು ಒಯ್ಯಲು ಸೀದಾ ಅಡುಗೆಮನೆಗೆ ಹೊರಟರು.

“ನೋಡ್ರಿ, ಇದೇ ಇನ್ವೇಡ್,” ಎಂದೆ. ಮಕ್ಕಳು ನಕ್ಕರು.

“ಏನಂದ್ಳು ಈಕಿ?” ಎಂದು ನೀಲಮ್ಮತ್ತೆ ಒಬ್ಬ ಹುಡುಗಿಯನ್ನು ಕೇಳಿದರು.

“ನೀವು ದಂಡೆತ್ತಿ ಬಂದೀರಂತರಿ.”

ಲ್ಯಾಟಿನ್ ಅರ್ಥ ಆ ಹುಡುಗಿಗೆ ನೆನಪಾಗಲಿಲ್ಲ. ಅತ್ತೆ ಖಾಲಿ ಬಟ್ಟಲಿನೊಂದಿಗೆ ತಿರುಗಿ ಹೋದರು.

ಸಂಜೆ, ದೀಪ ಹಚ್ಚುವ ಮುಂಚೆ, ಬೆಲ್ ಆಯಿತು. ನಮ್ಮ ಮನೆಗೆ ಬೆಲ್ ಇದೆ ಎಂಬುದೇ ಮರೆತಿತ್ತು. ತೆರೆದ ಬಾಗಿಲಿನಾಚೆ ನೀಲಮ್ಮತ್ತೆ, ಕೈಯಲ್ಲಿ ಅದೇ ಬಟ್ಟಲು.

“ಒಳಗ ಬರಬಹುದೇನ್ರಿ, ಮೇಡಂ?”

ನಾನು ಸೊಸೆಯಾಗಿ ಬಂದ ದಿನದಿಂದ ಅವರಿಗೆ ಬರೀ ‘ಏ ಪಾರಿ’.

“ಬರ್ರಿ ಅತ್ತಿ, ಇದೇನ್ ಕೇಳಾಕ ಹತ್ತೀರಿ.”

“ಬ್ಯಾಡ್ರಿ. ಇಲ್ಲೇ ಕೊಟ್ರ ಸಾಕ್ರಿ.”

ಕೊಟ್ಟೆ. “ಉಪಕಾರ ಆತ್ರಿ,” ಎಂದು ಹೋದರು.

ನಮ್ಮ ಮನೆಯ ಮೇಲೆ ಇದುವರೆಗೆ ನಡೆದ ದಾಳಿ ಇದೊಂದೇ. ಅವರು ಹೊಸ್ತಿಲನ್ನೂ ದಾಟಲಿಲ್ಲ.