ನಾದಿನಿಯ ಬೆನ್ನುಚೀಲ

ಬ್ಯಾಗು ರಿಪೇರಿಯವಳ ಹೊಲಿಗೆ ಬಿಚ್ಚಿತು ಅನ್ನುವ ಗಿರಾಕಿ ಆ ಪೇಟೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವಳು ಹೊಲಿದ ಚೀಲಕ್ಕೆ ಆನೆ ತುಂಬಿ ನೇತುಹಾಕಿದರೆ ಮೊಳೆ ಕಿತ್ತುಬರಬೇಕು, ಗೋಡೆ ಬೀಳಬೇಕು, ಆನೆ ಬೇಜಾರಾಗಿ ಎದ್ದುಹೋಗಬೇಕು. ಹೊಲಿಗೆ ಮಾತ್ರ ಜಪ್ಪಯ್ಯ ಅಂದರೂ ಬಿಚ್ಚದು. ಗುಟ್ಟೇನೂ ಇಲ್ಲ. ಪಟ್ಟಿಯ ಕೊನೆಗೆ ಬಂದಾಗ ಮಿಷನ್ನನ್ನು ಹಿಂದಕ್ಕೆ ಓಡಿಸಿ, ಹೊಲಿಗೆಯ ಮೇಲೆ ಮತ್ತೊಂದು ಹೊಲಿಗೆ ಹಾಕಿ, ಗಂಟು ಬಿಗಿಯುತ್ತಿದ್ದಳು, ಅಷ್ಟೇ.

ಆ ದಿನ ಬೆನ್ನುಚೀಲ ತಂದವಳು ನಾದಿನಿ. ಶಾಲೆಯಲ್ಲಿ ಆಟದ ಟೀಚರ್. ಊರೆಲ್ಲ ಕರೆಯುವುದು ‘ಸೀಟಿ’ ಅಂತ. ಅವಳು ಪಿಸುಗುಟ್ಟಿದರೆ ಪಕ್ಕದ ಬೀದಿಯ ನಾಯಿಗಳು ಸಾಲಾಗಿ ನಿಲ್ಲುತ್ತಿದ್ದವು.

"ಅತ್ತಿಗೆ, ಈ ಪಟ್ಟಿ ಗಟ್ಟಿ ಮಾಡಿಕೊಡಿ. ಭಾನುವಾರ ಬೆಟ್ಟ ಹತ್ತೋದು. ಎಷ್ಟು ಜನ ಬರ್ತಿದಾರೆ ಗೊತ್ತಾ, ನಮ್ಮ ಪಾಪು ನೆನಪಿಗೆ!"

ಆ ‘ನಮ್ಮ’ ಸೂಜಿಯ ಹಾಗೆ ಉಗುರಿನೊಳಗೆ ಹೊಕ್ಕಿತು.

ಹೋದ ವರ್ಷ ಇವಳ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆಪರೇಷನ್ ಮಾಡಿ ತೆಗೆದಾಗ ತಾಯಿಗೆ ಪ್ರಜ್ಞೆಯಿಲ್ಲ. ಬೇಕರಿ ಕೆಲಸದ ಗಂಡ ಮಗುವಿನ ಮುಖ ನೋಡುವ ಧೈರ್ಯ ಸಾಲದೆ ಕಾರಿಡಾರಿನಲ್ಲಿ ಗೋಡೆ ಹಿಡಿದು ಕೂತಿದ್ದ. ಮಗುವನ್ನು ಎತ್ತಿಕೊಂಡವಳು ನಾದಿನಿ. ತಾಯಿ ಸರಿಯಾಗಿ ಕಣ್ಣು ಬಿಡುವಷ್ಟರಲ್ಲಿ ಮಣ್ಣು ಮಾಡಿ ಎಲ್ಲ ಮುಗಿದಿತ್ತು. ಇನ್ಯಾವ ತಾಯಿಗೂ ಹೀಗಾಗಬಾರದು, ಅಂಥ ಮಗುವಿನ ಜೊತೆ ಒಂದಿಷ್ಟು ಹೊತ್ತು ಇರಲು ಆಸ್ಪತ್ರೆಯಲ್ಲೊಂದು ಕೋಣೆ ಬೇಕು ಅಂತ ಸೀಟಿ ಈಗ ಜನರನ್ನು ಬೆಟ್ಟ ಹತ್ತಿಸಿ ಚಂದಾ ಎತ್ತುತ್ತಿದ್ದಳು. ಒಳ್ಳೆಯ ಕೆಲಸವೇ. ಸಂಕಟವೂ ಅದೇ. ಕೆಟ್ಟ ಕೆಲಸವಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಒಂಬತ್ತು ತಿಂಗಳು ಹೊತ್ತವಳು ಇವಳು, ಎತ್ತಿಕೊಂಡವಳು ಅವಳು! ಗಿರಾಕಿಗಳು ಬೇರೆ, "ನಿಮ್ಮ ನಾದಿನೀದು ದೊಡ್ಡ ಮನಸ್ಸು ಕಣ್ರೀ" ಅನ್ನುತ್ತಿದ್ದರು. ಹೊಟ್ಟೆಕಿಚ್ಚಿನಲ್ಲಿ ಬ್ರೆಡ್ಡು ಬೇಯುವಂತಿದ್ದರೆ ಗಂಡ ಆ ವಾರ ಬೇಕರಿಯ ಒಲೆ ಹಚ್ಚಬೇಕಾಗಿರಲಿಲ್ಲ.

"ಏನು ತುಂಬ್ತೀಯೇ ಇದಕ್ಕೆ?"

"ಮೇಲೆ ಹೋದ್ಮೇಲೆ ಹೇಳ್ತೀನಿ. ಬರ್ತೀರಿ ತಾನೇ?"

"ನನ್ನ ಮಗೂನ ನೆನೆಯೋಕೆ ನನಗೆ ಬೆಟ್ಟ ಬೇಕಾಗಿಲ್ಲ."

"ನೀವಿಲ್ದೆ ಹೇಗೆ ಅತ್ತಿಗೆ!" ಅಂದು ಸೀಟಿ ಹೊರಟುಹೋದಳು.

ಇವಳು ಪಟ್ಟಿ ಹೊಲಿದಳು. ಕೊನೆಗೆ ಬಂದಾಗ ಕೈ ತಾನಾಗಿ ಹಿಂದೋಟದ ಗುಂಡಿಯತ್ತ ಹೋಯಿತು. ಅಲ್ಲೇ ತಡೆದಳು. ಗಂಟೂ ಹಾಕದೆ ನೂಲು ಕತ್ತರಿಸಿದಳು.

ಭಾನುವಾರ ಗಂಡನ ಒತ್ತಾಯಕ್ಕೆ ಬಂದವಳಂತೆ ಬೆಟ್ಟ ಹತ್ತಿದಳು. ನಿಜವಾಗಿ ಬಂದದ್ದು ಪಟ್ಟಿ ಕಿತ್ತು, ಅಷ್ಟೂ ಜನರೆದುರು ಸೀಟಿಯ ಮುಖ ಸಪ್ಪಗಾಗುವುದನ್ನು ನೋಡಲು. ಗಂಡ ಏದುಸಿರು ಬಿಡುವ ರಭಸಕ್ಕೆ ದಾರಿ ಬದಿಯ ಪೊದೆಗಳು ಬಾಗಿ ಬಾಗಿ ಏಳುತ್ತಿದ್ದವು. ಅರ್ಧ ದಾರಿಯಲ್ಲಿ ಮುಂದೆ ಹೋಗುತ್ತಿದ್ದ ಸೀಟಿಯ ಬೆನ್ನಿನ ಮೇಲೆ ಪರ್‍ರ್ ಅಂತ ಸದ್ದಾಯಿತು.

ಚೀಲ ನೆಲ ಮುಟ್ಟಲಿಲ್ಲ. ಸೀಟಿ ಗರ್‍ರನೆ ತಿರುಗಿ ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡಿದ್ದಳು. ಒಂದು ಕೈ ಅಡಿಯಲ್ಲಿ, ಇನ್ನೊಂದು ತಲೆ ಇರಬೇಕಾದ ಕಡೆ.

ಅತ್ತಿಗೆಗೆ ನಗು ಬರಲಿಲ್ಲ. "ಏನಿದೆಯೇ ಅದರಲ್ಲಿ?"

"ಮರಳು, ಅತ್ತಿಗೆ. ನಮ್ಮ... ನಿಮ್ಮ ಪಾಪು ತೂಕದಷ್ಟೇ. ಮೇಲೆ ಹೋಗಿ ನಿಮ್ಮ ಕೈಗೆ ಕೊಡೋಣ ಅಂತಿದ್ದೆ. ನೀವು ಎತ್ಕೊಳ್ಳಲೇ ಇಲ್ವಲ್ಲ."

ಗಂಡ ಬಾಯಿ ತೆರೆದು ನಿಂತಿದ್ದ. "ನಿನ್ನ ಹೊಲಿಗೇನಾ ಬಿಚ್ಚಿದ್ದು! ಸೆರಗಲ್ಲಿ ಸೂಜಿ-ದಾರ ಇದೆಯಲ್ಲ, ಎರಡು ಹೊಲಿಗೆ ಹಾಕು."

"ಬೇಡ," ಅಂದಳು. ಆಮೇಲೆ ನಾದಿನಿಗೆ, ಮೆಲ್ಲಗೆ: "ಗಂಟು ಹಾಕಿರಲಿಲ್ಲ ಕಣೇ."

"ನೀವು ಹೊಲಿದದ್ದು ತಾನಾಗೇ ಬಿಚ್ಚುತ್ತಾ ಅತ್ತಿಗೆ?" ಅಂದಳು ಸೀಟಿ. ಜೀವಮಾನದಲ್ಲಿ ಮೊದಲ ಸಲ ಅವಳ ದನಿ ಪಕ್ಕದವರಿಗೂ ಕೇಳಿಸಲಿಲ್ಲ.

"ಇಲ್ಲೇ ಕೊಡು."

ಕೊಟ್ಟಳು. ಇವಳ ತೋಳು ಸ್ವಲ್ಪ ಕುಸಿಯಿತು, ಮತ್ತೆ ನಿಂತಿತು. ಹೊಟ್ಟೆಯಲ್ಲಿ ಹೊತ್ತ ಭಾರವೇ, ಆದರೆ ಈಗ ಹೊರಗೆ, ಬಿಸಿಲಿನಲ್ಲಿ. ಅವಳು ಸೆರಗೆಳೆದು ಚೀಲಕ್ಕೆ ನೆರಳು ಮಾಡಿ ನಡೆಯತೊಡಗಿದಳು.

ಸ್ವಲ್ಪ ದೂರದಲ್ಲಿ ಸೀಟಿ ಕೈಚಾಚಿದಳು. "ಭಾರ ಆದ್ರೆ ಕೊಡಿ."

"ನಿನ್ನ ಸರದಿ ಹೋದ ವರ್ಷವೇ ಮುಗೀತು."

ಹಿಂದಿನಿಂದ ಏದುಸಿರು ಹತ್ತಿರ ಬಂತು. ಗಂಡ, ಅವಳ ಮುಖ ನೋಡದೆ, "ನನಗೊಂದ್ಸಲ?" ಅಂದ.

ಅವಳು ಚೀಲವನ್ನು ಇನ್ನಷ್ಟು ಒತ್ತಿ ಹಿಡಿದಳು. "ತುದಿ ಬರಲಿ," ಅಂದಳು, "ನೋಡೋಣ."