ಸ್ಪೀಕರ್ ತೂಗುಹಾಕುವ ಹಂಪಣ್ಣ

ನೆಲದ ಮೇಲೆ ಪೇರಿಸುತ್ತಿದ್ದ ಸ್ಪೀಕರ್‌ಗಳನ್ನು ವೇದಿಕೆಯ ಎರಡೂ ಬದಿಗೆ, ಒಂದರ ಕೆಳಗೊಂದು ಪೋಣಿಸಿ ಮೇಲೆ ತೂಗುಹಾಕುವ ಕಾಲ ಬಂತಲ್ಲ, ಅಂದು ಏರಿದ ಹಂಪಣ್ಣನ ಸಿಟ್ಟು ಇನ್ನೂ ಇಳಿದಿಲ್ಲ. ಹಲಸೂರಿನಿಂದ ಕೆ.ಆರ್. ಪುರದವರೆಗೆ ಯಾವ ಮೈದಾನದಲ್ಲಿ ಆರ್ಕೆಸ್ಟ್ರಾ ಇರಲಿ, ಹಾಡಿಗಿಂತ ಮೊದಲು ಕೇಳಿಸುವುದು ಅವನ ಬೈಗುಳ. ಭಾರ ಹೊರುವ ಸರಪಳಿಯ ಜೊತೆಗೆ, ಅದು ಕಳಚಿದರೂ ಹಿಡಿದು ನಿಲ್ಲಿಸಲು ಇನ್ನೊಂದು ಕಾವಲು ಸರಪಳಿ ಇರಲೇಬೇಕೆಂಬುದು ಅವನ ಹಟ. "ಒಂದ್ ಸಾಕು ಬಿಡು ಗುರು, ಯಾರ್ ನೋಡ್ತಾರೆ?" ಎಂದು ಸಂಘಟಕರು ಅಂದರೋ, ಮುಗಿಯಿತು. "ನಾಕು ಕ್ವಿಂಟಲ್ ಐತ್ರೀ ಇದು, ಗ್ವಾಡಿಗೆ ಹಾಕೋ ಕ್ಯಾಲೆಂಡರ್ ಅಲ್ಲ!" ಅಲ್ಲ, ಜಾಹೀರಾತಿನ ಬ್ಯಾನರಿಗೆ ನಾಲ್ಕು ಮೂಲೆಗೂ ಹಗ್ಗ ಬಿಗಿಯುವ ಈ ಮಹಾನುಭಾವರು, ಜನರ ನೆತ್ತಿಯ ಮೇಲಿನ ಭಾರಕ್ಕೆ ಎರಡನೇ ಸರಪಳಿ ಕೇಳಿದರೆ ಮೂಗು ಮುರಿಯುತ್ತಾರಲ್ಲ! ಸ್ಪೀಕರ್ ಏರುವಾಗ ಮುಖ್ಯ ಅತಿಥಿಯ ಸೋಫಾ ಅಡಿಯಲ್ಲಿದ್ದರೆ ಹಂಪಣ್ಣ ಅತಿಥಿಯ ಸಮೇತ ಎತ್ತಿ ಆಚೆಗಿಡುವ ಆಸಾಮಿ. ಎಲ್ಲ ಬಿಗಿದಾದ ಮೇಲೆ, ಜನ ಬರುವ ಮುನ್ನ, ಹೆಂಡತಿ ಅಯ್ಯಮ್ಮ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ ಬಿಚ್ಚಿ, ಆ ಭಾರದ ಅಡಿಯಲ್ಲೇ ಒಬ್ಬನೇ ಕೂತು ಉಣ್ಣುತ್ತಾನೆ. "ಬಿದ್ರ ಮೊದ್ಲು ಕಟ್ಟಿದಾವನ ಮ್ಯಾಲೆ ಬೀಳ್ಲಿ." ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಗೆ ಮರಳಿದಾಗ ಅಯ್ಯಮ್ಮ ಬುತ್ತಿಯ ಡಬ್ಬಿ ತೊಳೆಯುತ್ತ ಕೇಳುತ್ತಾಳೆ, "ಎಲ್ಲಿ ಕುಂತು ಉಂಡ್ರಿ?" ಹಂಪಣ್ಣ ದಿನವಿಡೀ ಮೆಲ್ಲಗೆ ಆಡುವ ಮಾತು ಅದೊಂದೇ: "ನೆಳ್ಳಾಗ."