ಕಪಾಟಿನಲ್ಲಿದ್ದ ತಂಗಿ

ಹೋದ ವಾರ ಮಗಳ ಮುರಿದ ಕೈಗೆ ಮಣಿಪಾಲದಲ್ಲಿ ಪ್ಲಾಸ್ಟರ್ ಹಾಕಿಸುತ್ತಿದ್ದೆ. ಆ ಹಸಿ ಸುಣ್ಣದಂಥ ವಾಸನೆಗೆ ಕಾಪುವಿನ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು...

ದೊಡ್ಡಮ್ಮ ಮೀನು ಮಾರುತ್ತಿದ್ದರು. ನಾನು ಆಗಷ್ಟೇ ಉಡುಪಿಯ ಒಂದು ಚಿಕ್ಕ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ಒಂದು ಕಪಾಟಿನ ತುಂಬ ಕಣ್ಣು ಮುಚ್ಚಿದ ಪ್ಲಾಸ್ಟರ್ ಮುಖಗಳಿದ್ದವು. ಯಾವ ಜಾತಿಯವರ ಮೂಗು ಹೇಗೆ, ಕೆನ್ನೆ ಹೇಗೆ ಎಂದು ಅಳೆಯಲು ಹಿಂದೊಮ್ಮೆ ಸಂಶೋಧಕರು ಊರೂರು ಸುತ್ತಿ, ಬದುಕಿದ್ದವರ ಮುಖದ ಮೇಲೆಯೇ ತೆಗೆದ ಅಚ್ಚುಗಳು. ಕೆಳಗೆ ಒಂದು ಸಂಖ್ಯೆ, ‘ಮೀನುಗಾರ ಹೆಂಗಸು’ ಎಂಬಂಥ ಚೀಟಿ, ಅಷ್ಟೇ. ನಾನು ಸೇರುವ ಹೊತ್ತಿಗೆ ಅವನ್ನು ಜನರಿಗೆ ತೋರಿಸಲು ನಮಗೇ ಮುಜುಗರವಾಗಿ, ಉಗ್ರಾಣಕ್ಕೆ ಸಾಗಿಸುವುದೆಂದು ತೀರ್ಮಾನವಾಗಿತ್ತು.

ಇದನ್ನು ಹೇಳಿದಾಗ ದೊಡ್ಡಮ್ಮ ನಕ್ಕುಬಿಟ್ಟರು. “ನನ್ನ ಮುಖಕ್ಕೂ ಹಚ್ಚಿದ್ದಾರೆ ಮಾರಾಯ, ಮೂಗಿಗೆ ಎರಡು ಕೊಳವೆ ಸಿಕ್ಕಿಸಿ. ತಂಗಿಗೂ ಹಚ್ಚಿದ್ರು. ಅವಳು ನಗು ತಡೀಲಿಕ್ಕಾಗದೆ ಬಾಯಿ ಸೊಟ್ಟ ಮಾಡಿದ್ಳು.”

ಆ ತಂಗಿ ಮರುವರ್ಷವೇ ಜ್ವರದಲ್ಲಿ ಹೋಗಿದ್ದಳಂತೆ. ಅವಳದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

ಸೊಟ್ಟ ಬಾಯಿಯ ಮುಖವೊಂದು ಕಪಾಟಿನಲ್ಲಿದ್ದದ್ದು ನನಗೆ ಗೊತ್ತಿತ್ತು. ಮರುದಿನವೇ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ನೋಡಿ ಅವರಿಗೆ ನೋವಾದರೆ ಎಂಬ ಅಳುಕು ದಾರಿಯುದ್ದಕ್ಕೂ ಇತ್ತು. ಅವರು ತಮ್ಮದೇ ಮುಖವನ್ನು ಗುರುತಿಸಿ ಹಾಗೇ ದಾಟಿದರು. ಪಕ್ಕದ ಸೊಟ್ಟ ಬಾಯಿಯ ಮುಂದೆ ನಿಂತರು. ಆಮೇಲೆ ಅದರ ಕೆನ್ನೆ ಸವರಿ, ನಗಬೇಡ ಎಂದು ಎಷ್ಟು ಹೇಳಿದ್ದೆ ನಿನಗೆ ಎಂದು ತುಳುವಿನಲ್ಲಿ ಗದರಿದರು. ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು.

“ಎರಡು ಚೀಟಿಯಲ್ಲೂ ಹೆಸರು ಬರಿ. ಇವಳನ್ನು ನಾನು ಮನೆಗೆ ಕೊಂಡುಹೋಗ್ತೇನೆ.”

ಹೆಸರು ಅಂದೇ ಬರೆದೆ. ಮುಖ ಕೊಡಿಸಲು ಮಾತ್ರ ತಿಂಗಳುಗಟ್ಟಲೆ ಪತ್ರಗಳು ಓಡಾಡಿದವು. ಕೊನೆಗೆ ನಕಲು ನಮಗೆ, ಅಸಲು ದೊಡ್ಡಮ್ಮನಿಗೆ ಎಂದಾಯಿತು. ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತರು.

“ಎಂತ ಅಮ್ಮ ಅದು?” ಎಂದ ಕಂಡಕ್ಟರ್.

“ನನ್ನ ತಂಗಿ. ಅವಳಿಗೆ ಟಿಕೆಟ್ ಬೇಡ.”

ನಿಮ್ಮದನ್ನೂ ಕೇಳಬಹುದಿತ್ತಲ್ಲ ದೊಡ್ಡಮ್ಮ ಎಂದೆ. “ನನ್ನದು ಎಂತಕ್ಕೆ? ನಾನೇ ಇದ್ದೇನಲ್ಲ.”

ಕಳೆದ ವರ್ಷ ಅವರು ತೀರಿಕೊಂಡರು. ಈಗ ಅವರ ಮಗಳು ನಮ್ಮಲ್ಲೇ ಉಳಿದಿದ್ದ ಅಮ್ಮನ ಮುಖ ಬೇಕೆಂದು ಅರ್ಜಿ ಕೊಟ್ಟಿದ್ದಾಳೆ. ಒಪ್ಪಿಗೆ ಈ ಸಲ ಬೇಗ ಬಂತು. ನಿನ್ನೆ ಉಗ್ರಾಣದಿಂದ ತೆಗೆದು ಧೂಳು ಒರೆಸಿದೆ. ಹೇಳಿದ ಮಾತು ಕೇಳಿ ತುಟಿ ಬಿಗಿದುಕೊಂಡ ಹದಿನಾರರ ಹುಡುಗಿ... ನಾನು ಕಂಡ ದೊಡ್ಡಮ್ಮ ಒಂದು ದಿನವೂ ಹಾಗೆ ಇದ್ದವರಲ್ಲ.